ಆರ್ಗ್ಯಾನಿಕ್ ಕೆಮಿಸ್ಟ್ರಿ ಎರಡನೇ ಸಲ, ಅದೂ ಆನ್‌ಲೈನ್: ನಾನು ಹಾಕಿದ ಲೆಕ್ಕ

ನಮ್ಮ ಕಡೆ ಒಂದು ವಿಷಯವನ್ನು 'ಮತ್ತೆ ಕಟ್ಟುವುದು' ಅಂದರೆ ಹಳೆಯದು ಅಳಿಸಿಹೋಯಿತು ಅಂತಲೇ ಅರ್ಥ. ಸಪ್ಲಿಮೆಂಟರಿಯಲ್ಲಿ ಪಾಸಾದರೆ ಬ್ಯಾಕ್ ಕ್ಲಿಯರ್, ಮುಗಿಯಿತು. ಅಮೆರಿಕದಲ್ಲಿ ಮೆಡಿಕಲ್ ಸ್ಕೂಲಿಗೆ ಅರ್ಜಿ ಹಾಕುವವರಿಗೆ ಈ ನಂಬಿಕೆ ದುಬಾರಿ. ಎಂ.ಡಿ. ಕಾಲೇಜುಗಳ ಅರ್ಜಿ ಹೋಗುವ ಆಮ್‌ಕಾಸ್‌ನಲ್ಲಿ ಮೊದಲ ಸಲದ ಗ್ರೇಡೂ ಲೆಕ್ಕಕ್ಕೆ ಬರುತ್ತದೆ, ಎರಡನೇ ಸಲದ್ದೂ ಬರುತ್ತದೆ. ಡಿ.ಒ. ಎಂಬ ಇನ್ನೊಂದು ಬಗೆಯ ವೈದ್ಯ ಪದವಿ ಕೊಡುವ ಆಸ್ಟಿಯೋಪಥಿ ಕಾಲೇಜುಗಳ ಆಕೋಮಾಸ್‌ನಲ್ಲಿ ಮೊದಲು ಹೊಸ ಗ್ರೇಡು ಹಳೆಯದರ ಜಾಗಕ್ಕೆ ಬರುತ್ತಿತ್ತು. 2017ರಲ್ಲಿ ಆ ಸವಲತ್ತೂ ಹೋಯಿತು. ಹಳೆಯ ಸೀನಿಯರ್‌ಗಳು 'ಡಿ.ಒ. ಕಾಲೇಜಿಗಾದರೆ ಚಿಂತೆಯಿಲ್ಲ' ಅಂತ ಹೇಳುವುದು ಆ ಕಾಲದ ಮಾತು.

ಹಾಗಾಗಿ ಮೊದಲ ಕೆಲಸ ಗಣಿತ. ನನ್ನ ಸೈನ್ಸ್ ಜಿಪಿಎ (ಗ್ರೇಡುಗಳ ಸರಾಸರಿ, ಎ ಅಂದರೆ 4) 40 ಕ್ರೆಡಿಟ್‌ಗೆ 3.3, ಅಂದರೆ ಒಟ್ಟು 132 ಪಾಯಿಂಟ್. ಅದರೊಳಗೆ ಆರ್ಗ್ಯಾನಿಕ್ ಒಂದನೇ ಭಾಗದ 3 ಕ್ರೆಡಿಟ್‌ಗೆ ಸಿ ಮೈನಸ್, ಅಂದರೆ ಕ್ರೆಡಿಟ್‌ಗೆ 1.7ರಂತೆ 5.1 ಪಾಯಿಂಟ್. ಎರಡನೇ ಸಲ ಎ ಬಂದರೆ 12 ಪಾಯಿಂಟ್ ಸೇರಿ 144 ಆಗುತ್ತದೆ, 43 ಕ್ರೆಡಿಟ್‌ನಿಂದ ಭಾಗಿಸಿದರೆ 3.35. ಬಿ ಬಂದರೆ 141ನ್ನು 43ರಿಂದ ಭಾಗಿಸಬೇಕು, 3.28. ಅಂದರೆ ಒಂದು ಇಡೀ ಬೇಸಿಗೆ ಕೂತು ಓದಿ ಬಿ ತಂದರೆ ಜಿಪಿಎ ಇದ್ದದ್ದಕ್ಕಿಂತ ಇಳಿಯುತ್ತದೆ! ಬಿ ಪ್ಲಸ್ ಬಂದರೆ ಒಂದು ಕೂದಲೂ ಅಲುಗುವುದಿಲ್ಲ. ಅದೇ ಬಿ, ಹಳೆಯ ಗ್ರೇಡನ್ನು ತೆಗೆದುಹಾಕುವ ಕಾಲೇಜಿನ ಸ್ವಂತ ಲೆಕ್ಕದಲ್ಲಿ 3.40 ಕೊಡುತ್ತದೆ, ಎ ಬಂದರೆ 3.47. ಹುಡುಗರು ಕಾಲೇಜಿನ ಪೋರ್ಟಲ್ ನೋಡಿ ಖುಷಿಪಟ್ಟು, ಆಮೇಲೆ ಆಮ್‌ಕಾಸ್ ತೋರಿಸುವ ಅಂಕಿ ನೋಡಿ ಗಾಬರಿಯಾಗುವುದು ಈ ವ್ಯತ್ಯಾಸದಿಂದ.

ಬರೀ ಜಿಪಿಎ ಏರಿಸುವುದೇ ಉದ್ದೇಶವಾದರೆ ಅದೇ 3 ಕ್ರೆಡಿಟ್‌ನ ಬಯೋಕೆಮಿಸ್ಟ್ರಿಯಲ್ಲಿ ಎ ತಂದರೂ ಬರುವುದು ಅದೇ 3.35. ಮೇಲಾಗಿ ಹೊಸ ವಿಷಯ ಓದಿದಂತಾಯಿತು. ಅದಕ್ಕೇ ಸಿ ಪ್ಲಸ್ ಬಂದವರಿಗೆ ನನ್ನ ಸಲಹೆ: ಮತ್ತೆ ತೆಗೆದುಕೊಳ್ಳಬೇಡಿ, ಮುಂದಿನ ಕೋರ್ಸಿಗೆ ಹೋಗಿ ಅಲ್ಲಿ ಎ ತನ್ನಿ. ಸಿ ಮೈನಸ್ ಆದರೆ ಮಾತೇ ಬೇರೆ. ಬಹಳ ಮೆಡಿಕಲ್ ಸ್ಕೂಲುಗಳು ಪೂರ್ವಾಪೇಕ್ಷಿತ ವಿಷಯಗಳಲ್ಲಿ ಸಿ ಅಥವಾ ಮೇಲೆ ಕೇಳುತ್ತವೆ, ಎಷ್ಟೋ ಕೆಮಿಸ್ಟ್ರಿ ವಿಭಾಗಗಳು ಎರಡನೇ ಭಾಗಕ್ಕೆ ಬಿಟ್ಟುಕೊಳ್ಳುವುದಕ್ಕೂ ಅದನ್ನೇ ಕೇಳುತ್ತವೆ. ಅಂದಮೇಲೆ ಉಳಿದ ಪ್ರಶ್ನೆ ಎಲ್ಲಿ, ಹೇಗೆ ಅನ್ನುವುದಷ್ಟೆ.

ಎಲ್ಲಿ ಅನ್ನುವುದರಲ್ಲಿ ಒಂದು ಗುಂಡಿ ಇದೆ. ಪಕ್ಕದ ಕಮ್ಯೂನಿಟಿ ಕಾಲೇಜಿನಲ್ಲಿ ಆನ್‌ಲೈನ್ ಕೋರ್ಸು ಅಗ್ಗ. ಆದರೆ ಸಾಮಾನ್ಯವಾಗಿ ಅಲ್ಲಿಂದ ನಮ್ಮ ಕಾಲೇಜಿಗೆ ವರ್ಗವಾಗುವುದು ಕ್ರೆಡಿಟ್ ಮಾತ್ರ, ಗ್ರೇಡು ಅಲ್ಲ. ಹಳೆಯ ಗ್ರೇಡನ್ನು ಮನ್ನಾ ಮಾಡುವ ನಿಯಮ ಹೆಚ್ಚಿನ ಕಡೆ ಅದೇ ಕಾಲೇಜಿನಲ್ಲಿ ಮತ್ತೆ ಓದಿದರೆ ಮಾತ್ರ ಅನ್ವಯ. ಇನ್ನೊಂದು, ಆ ಕೋರ್ಸು 200ರ ಸಂಖ್ಯೆಯದ್ದಾಗಿ (ಅಂದರೆ ಕೆಳಗಿನ ಹಂತದ್ದು) ನಮ್ಮದು 300ರದ್ದಾಗಿದ್ದರೆ ಸಮಾನ ಅಂತ ಒಪ್ಪದೇ ಇರಬಹುದು. ದುಡ್ಡು ಕಟ್ಟುವ ಮೊದಲೇ ರಿಜಿಸ್ಟ್ರಾರ್ ಕಚೇರಿಯಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಬೇಕು. ಅಡ್ವೈಸರ್ ಬಾಯಲ್ಲಿ 'ಆಗುತ್ತೆ ಬಿಡಿ' ಅಂದದ್ದು ಆಮೇಲೆ ಯಾರಿಗೂ ನೆನಪಿರುವುದಿಲ್ಲ.

ಆನ್‌ಲೈನ್ ಒಪ್ಪುತ್ತಾರೋ ಇಲ್ಲವೋ ಅನ್ನುವುದಕ್ಕೆ ಒಂದೇ ಉತ್ತರವಿಲ್ಲ. ಮೆಡಿಕಲ್ ಕಾಲೇಜುಗಳ ಸಂಘವಾದ ಎಎಎಂಸಿ ನಡೆಸುವ ಎಂಎಸ್‌ಎಆರ್ ಎಂಬ ಪಟ್ಟಿಯಲ್ಲಿ ಒಂದೊಂದು ಕಾಲೇಜಿನ ನಿಯಮವೂ ಇದೆ. ನಾನು ಅರ್ಜಿ ಹಾಕುವ ಅಂದಾಜಿದ್ದ ಕಾಲೇಜುಗಳನ್ನು ಒಂದು ಹಾಳೆಯಲ್ಲಿ ಬರೆದು, ಆನ್‌ಲೈನ್ ಲೆಕ್ಚರ್ ಒಪ್ಪುತ್ತಾರೆಯೇ, ಆನ್‌ಲೈನ್ ಲ್ಯಾಬ್ ಒಪ್ಪುತ್ತಾರೆಯೇ ಅಂತ ಎರಡು ಕಾಲಂ ಮಾಡಿದೆ. ತಕರಾರು ಹೆಚ್ಚಾಗಿ ಎರಡನೇ ಕಾಲಮ್ಮಿನಲ್ಲೇ. ನಮ್ಮಲ್ಲಿ ಲೆಕ್ಚರ್ 3 ಕ್ರೆಡಿಟ್, ಲ್ಯಾಬ್ 1 ಕ್ರೆಡಿಟ್, ಎರಡಕ್ಕೂ ಬೇರೆ ಬೇರೆ ಗ್ರೇಡ್. ಲ್ಯಾಬಿನ ಗ್ರೇಡ್ ಚೆನ್ನಾಗಿದ್ದದ್ದರಿಂದ ಅದನ್ನು ಮುಟ್ಟದೆ ಲೆಕ್ಚರ್ ಮಾತ್ರ ಆನ್‌ಲೈನ್ ತೆಗೆದುಕೊಂಡೆ. ಎರಡೂ ಸೇರಿ ಒಂದೇ ಕೋರ್ಸಾಗಿದ್ದರೆ ಲ್ಯಾಬಿಗೆ ಖುದ್ದಾಗಿ ಹೋಗುವ ವ್ಯವಸ್ಥೆ ಇರುವ ಕಡೆಯೇ ನೋಡುವುದು ಕ್ಷೇಮ.

ಊರಿನಿಂದ ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಬಂದ ಮಕ್ಕಳಿಗೆ ಇನ್ನೊಂದು ಕಟ್ಟುಪಾಡು ಇದೆ: ಸೆಮಿಸ್ಟರಿನಲ್ಲಿ ಪೂರ್ಣಾವಧಿ ಅಂತ ತೋರಿಸಬೇಕಾದ 12 ಕ್ರೆಡಿಟ್‌ನಲ್ಲಿ ಒಂದೇ ಆನ್‌ಲೈನ್ ಕೋರ್ಸು, 3 ಕ್ರೆಡಿಟ್ ಮಾತ್ರ, ಲೆಕ್ಕಕ್ಕೆ ಬರುತ್ತದೆ. ಬೇಸಿಗೆ ರಜೆಯಲ್ಲಿ ಆ ತಾಪತ್ರಯವಿಲ್ಲ, ಆದರೂ ಇಂಟರ್‌ನ್ಯಾಷನಲ್ ಆಫೀಸಿಗೆ ಒಂದು ಮಾತು ಕೇಳಿಯೇ ಮುಂದುವರಿಯಬೇಕು. ಫೆಡರಲ್ ಸಹಾಯಧನ ಪಡೆಯುವವರಿಗೆ ಬೇರೆ ನಿಯಮ. ಪಾಸಾದ ಕೋರ್ಸನ್ನು ಮತ್ತೆ ಓದಲು ಒಂದು ಸಲ ಮಾತ್ರ ಹಣ ಸಿಗುತ್ತದೆ, ಮತ್ತು ಅಲ್ಲಿ ಡಿ ಬಂದರೂ ಪಾಸೇ.

ಇಷ್ಟೆಲ್ಲ ಆದಮೇಲೆ ನಿಜವಾದ ಪ್ರಶ್ನೆ: ಮೊದಲ ಸಲ ಯಾಕೆ ಹೋಯಿತು? ಇದನ್ನು ಬಿಡಿಸದೆ ಮತ್ತೆ ಸೇರುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಹಳೆಯ ಮೂರು ಮಿಡ್‌ಟರ್ಮ್ ಪೇಪರುಗಳನ್ನು ಮುಂದಿಟ್ಟುಕೊಂಡು ಅಂಕ ಹೋದ ಪ್ರತಿ ಜಾಗಕ್ಕೂ ಒಂದು ಗುರುತು ಹಾಕಿದೆ. ಒಟ್ಟು 44 ಜಾಗ. ಸಬ್‌ಸ್ಟಿಟ್ಯೂಷನ್ನೋ (ಒಂದು ಗುಂಪಿನ ಜಾಗಕ್ಕೆ ಇನ್ನೊಂದು ಬರುವುದು) ಎಲಿಮಿನೇಷನ್ನೋ (ಗುಂಪು ಹೊರಟು ಡಬಲ್ ಬಾಂಡ್ ಆಗುವುದು) ಅಂತ ತೀರ್ಮಾನಿಸುವಲ್ಲಿ 17, ಬಾಣ ಎಳೆಯುವಲ್ಲಿ 13, ಆರ್-ಎಸ್ (ಕನ್ನಡಿ ಬಿಂಬದಂಥ ಎರಡು ರೂಪಗಳ ಹೆಸರು) ಗುರುತಿಸುವಲ್ಲಿ 8. ಸಮಯ ಸಾಲದೆ ಬಿಟ್ಟದ್ದು ಬರೀ 6. 'ಟೈಮ್ ಸಾಕಾಗಲಿಲ್ಲ' ಎಂಬ ನೆಪ ಅಲ್ಲಿಗೇ ಬಿತ್ತು.

ಬಾಣದ ತಪ್ಪು ಹೀಗಿರುತ್ತದೆ. ಬ್ರೋಮಿನ್ ಇರುವ ಒಂದು ಅಣುವಿಗೆ ಹೈಡ್ರಾಕ್ಸೈಡ್ ಬಂದು ಕಾರ್ಬನ್‌ನಿಂದ ಹೈಡ್ರೋಜನ್ ಕಿತ್ತುಕೊಳ್ಳಬೇಕು. ಹೈಡ್ರೋಜನ್ ಅಲ್ಲವೇ ಹೋಗುವುದು ಅಂದುಕೊಂಡು ಕೈ ತಾನಾಗಿಯೇ ಹೈಡ್ರೋಜನ್‌ನಿಂದ ಆಕ್ಸಿಜನ್ ಕಡೆಗೆ ಬಾಣ ಎಳೆಯುತ್ತದೆ. ಆ ಬಾಣ ತೋರಿಸುವುದು ಪರಮಾಣು ಹೋಗುವ ದಾರಿಯನ್ನಲ್ಲ, ಎಲೆಕ್ಟ್ರಾನ್ ಜೋಡಿ ಹೋಗುವ ದಾರಿಯನ್ನು. ಆದ್ದರಿಂದ ಆಕ್ಸಿಜನ್ನಿನ ಜೋಡಿಯಿಂದ ಹೊರಟು ಹೈಡ್ರೋಜನ್ನಿಗೆ ಒಂದು, ಕಾರ್ಬನ್-ಹೈಡ್ರೋಜನ್ ಬಂಧದಿಂದ ಎರಡು ಕಾರ್ಬನ್‌ಗಳ ನಡುವಿಗೆ ಒಂದು, ಕಾರ್ಬನ್-ಬ್ರೋಮಿನ್ ಬಂಧದಿಂದ ಬ್ರೋಮಿನ್ನಿಗೆ ಒಂದು: ಇ2 ಎಂಬ ಬಗೆಯ ಎಲಿಮಿನೇಷನ್ ಅಂದರೆ ಮೂರು ಬಾಣ, ಒಂದೇ ಹೆಜ್ಜೆ. ನಡುವಿನ ಬಾಣ ಮರೆತರೆ ಹೈಡ್ರೋಜನ್ ಬಿಟ್ಟುಹೋದ ಎಲೆಕ್ಟ್ರಾನ್ ಜೋಡಿಗೆ ಲೆಕ್ಕವೇ ಸಿಗುವುದಿಲ್ಲ, ಡಬಲ್ ಬಾಂಡ್ ಎಲ್ಲಿಂದ ಬಂತು ಅನ್ನುವುದಕ್ಕೆ ಉತ್ತರವಿರುವುದಿಲ್ಲ.

ತೀರ್ಮಾನದ ತಪ್ಪಿಗೆ 2-ಬ್ರೋಮೋಬ್ಯೂಟೇನ್ ಒಂದೇ ಸಾಕು. ಅದನ್ನು ಅಸಿಟೋನಿನಲ್ಲಿ ಸೋಡಿಯಂ ಅಯೊಡೈಡ್ ಜೊತೆ ಹಾಕಿದರೆ ಎಸ್‌ಎನ್2, ಅಂದರೆ ಒಂದೇ ಹೆಜ್ಜೆಯ ಸಬ್‌ಸ್ಟಿಟ್ಯೂಷನ್. ಅಯೊಡೈಡ್ ಒಳ್ಳೆಯ ನ್ಯೂಕ್ಲಿಯೋಫೈಲ್ (ಎಲೆಕ್ಟ್ರಾನ್ ಜೋಡಿ ಕೊಟ್ಟು ಕಾರ್ಬನ್ನಿಗೆ ಅಂಟುವಂಥದ್ದು), ಬೇಸ್ ಆಗಿ (ಹೈಡ್ರೋಜನ್ ಕೀಳುವುದರಲ್ಲಿ) ದುರ್ಬಲ. ಸೋಡಿಯಂ ಬ್ರೋಮೈಡ್ ಅಸಿಟೋನಿನಲ್ಲಿ ಕರಗದೆ ತಳಕ್ಕೆ ಇಳಿಯುತ್ತದೆ, ಆರ್ ಇದ್ದದ್ದು ಎಸ್ ಆಗುತ್ತದೆ. ಅದೇ ಅಣುವನ್ನು ಎಥನಾಲಿನಲ್ಲಿ ಸೋಡಿಯಂ ಎಥಾಕ್ಸೈಡ್ ಹಾಕಿ ಕಾಯಿಸಿದರೆ ಇ2, ಮುಖ್ಯವಾಗಿ ಟ್ರಾನ್ಸ್-2-ಬ್ಯುಟೀನ್. ಎಥಾಕ್ಸೈಡ್ ತೆಗೆದು ದಪ್ಪಗಿನ ಟರ್ಷಿಯರಿ ಬ್ಯುಟಾಕ್ಸೈಡ್ ಹಾಕಿದರೆ ಒಳಗಿನ ಹೈಡ್ರೋಜನ್ನಿಗೆ ಅದು ನುಗ್ಗಲಾರದೆ ತುದಿಯದನ್ನು ಕಿತ್ತು 1-ಬ್ಯುಟೀನ್ ಹೆಚ್ಚು ಕೊಡುತ್ತದೆ. ಇನ್ನು ಎಥಾಕ್ಸೈಡನ್ನೇ ಇಟ್ಟುಕೊಂಡು 1-ಬ್ರೋಮೋಬ್ಯೂಟೇನ್ ಕೊಟ್ಟರೆ ಮತ್ತೆ ಎಸ್‌ಎನ್2. ಇಂಥ ನಾಲ್ಕನ್ನು ಪುಸ್ತಕ ಮುಚ್ಚಿ, ಕಾರಣ ಸಮೇತ ಬರೆಯಲು ಬಂದರೆ ಎರಡನೇ ಸಲ ಸೇರುವುದಕ್ಕೆ ಅರ್ಥವಿದೆ. ನಾನು ಸೇರುವ ಮೊದಲು ಎರಡು ವಾರ ಬರೀ ಇದನ್ನೇ ಮಾಡಿದೆ. ಜೊತೆಗೆ ಆರು ಪಿಕೆಎ (ಆಮ್ಲದ ಬಲ ಹೇಳುವ ಅಂಕಿ, ಕಡಿಮೆಯಾದಷ್ಟೂ ಬಲ ಹೆಚ್ಚು) ಬಾಯಿಪಾಠ: ಕಾರ್ಬಾಕ್ಸಿಲಿಕ್ ಆಮ್ಲ 5, ಫಿನಾಲ್ 10, ಆಲ್ಕೋಹಾಲ್ 16, ತುದಿಯ ಆಲ್ಕೈನ್ 25, ಅಮೋನಿಯಾ 38, ಆಲ್ಕೇನ್ 50, ಎಲ್ಲ ಅಂದಾಜು.

ಸಮಯದ ಲೆಕ್ಕಕ್ಕೆ ಇಲ್ಲಿನ ರೂಢಿ ಇದು: ಒಂದು ಕ್ರೆಡಿಟ್‌ಗೆ ವಾರಕ್ಕೆ ಒಂದು ಗಂಟೆ ಪಾಠ, ಎರಡು ಗಂಟೆ ಸ್ವಂತ ಓದು. 3 ಕ್ರೆಡಿಟ್‌ಗೆ 9 ಗಂಟೆ, 15 ವಾರಕ್ಕೆ 135. ಅದನ್ನೇ 6 ವಾರದ ಬೇಸಿಗೆ ಕೋರ್ಸಿಗೆ ತುರುಕಿದರೆ ವಾರಕ್ಕೆ 22.5 ಗಂಟೆ, ಕೆಲಸ ಮಾಡಿಕೊಂಡು ಆಗುವ ಮಾತಲ್ಲ. 10 ವಾರದ್ದು ಸಿಕ್ಕಿದ್ದರಿಂದ ನನಗೆ 13.5 ಗಂಟೆಗೆ ಬಂತು.

ರೆಕಾರ್ಡ್ ಆದ ಪಾಠ ದೊಡ್ಡ ವರ, ಅಷ್ಟೇ ದೊಡ್ಡ ಮೋಸ. ಪ್ರೊಫೆಸರ್ ಬಾಣ ಎಳೆಯುವುದನ್ನು ನೋಡುತ್ತಾ ಕೂತರೆ ಎಲ್ಲ ಗೊತ್ತು ಅನ್ನಿಸುತ್ತದೆ, ಖಾಲಿ ಹಾಳೆ ಕೊಟ್ಟರೆ ಕೈ ನಡುಗುತ್ತದೆ. ಎರಡನೇ ಸಲ ಓದುವವರಿಗಂತೂ 'ಇದು ಹಳೆಯದೇ' ಎಂಬ ಭಾವ ಬೇಗ ಬರುತ್ತದೆ. ನಾನು ಪ್ರತಿ ಮೆಕ್ಯಾನಿಸಂ (ಬಾಣಗಳಲ್ಲಿ ತೋರಿಸುವ ಹೆಜ್ಜೆಗಳು) ಶುರುವಾಗುವಲ್ಲಿ ವಿಡಿಯೋ ನಿಲ್ಲಿಸಿ, ಮೊದಲು ನಾನೇ ಬರೆದು, ಆಮೇಲೆ ಚಾಲೂ ಮಾಡುತ್ತಿದ್ದೆ. 50 ನಿಮಿಷದ ಪಾಠಕ್ಕೆ ಒಂದೂವರೆ ಗಂಟೆ ಹಿಡಿಯುತ್ತಿತ್ತು. ಒಂದೂವರೆ ಪಟ್ಟು ವೇಗದಲ್ಲಿ ಓಡಿಸುವುದು ಈ ವಿಷಯಕ್ಕೆ ಹೇಳಿದ್ದಲ್ಲ. ಆರ್-ಎಸ್‌ಗೆ ಪ್ಲಾಸ್ಟಿಕ್ ಮಾಡೆಲ್ ಸೆಟ್ ಕೈಯಲ್ಲಿರಲೇಬೇಕು; ಎಲ್ಲಕ್ಕಿಂತ ಕಡಿಮೆ ಆದ್ಯತೆಯ ಗುಂಪು ನಮ್ಮ ಕಡೆ ಮುಖ ಮಾಡಿದ್ದಾಗ ಉತ್ತರ ತಿರುಗುಮುರುಗಾಗುವುದು ಪರದೆಯ ಮೇಲೆ ಕಣ್ಣಿಗೆ ಬೀಳುವುದಿಲ್ಲ, ಸೆಟ್ಟನ್ನು ಕೈಯಲ್ಲಿ ತಿರುಗಿಸಿದರೆ ತಕ್ಷಣ ಹೊಳೆಯುತ್ತದೆ.

ಪರೀಕ್ಷೆಯಲ್ಲಿ ಕೆಮಿಸ್ಟ್ರಿಯ ಜೊತೆ ಬೇರೆ ಕಾಟಗಳೂ ಇವೆ. ರಚನೆಗಳನ್ನು ಮೌಸಿನಲ್ಲಿ ಬಿಡಿಸುವ ತಂತ್ರಾಂಶಕ್ಕೆ ಕೈ ಪಳಗದಿದ್ದರೆ ಒಂದು ಚೇರ್ ರಚನೆಗೇ (ಕುರ್ಚಿಯಾಕಾರದ ಆರು ಕಾರ್ಬನ್ನಿನ ಉಂಗುರ) ಐದು ನಿಮಿಷ ಹೋಗುತ್ತದೆ. ಫಾರ್ಮಲ್ ಚಾರ್ಜ್ (ಪರಮಾಣುವಿನ ಮೇಲಿನ ಪ್ಲಸ್-ಮೈನಸ್ ಗುರುತು) ಹಾಕದಿದ್ದರೆ ಯಂತ್ರ ಪೂರ್ತಿ ಉತ್ತರವನ್ನೇ ತಪ್ಪು ಅನ್ನುತ್ತದೆ, ಮನುಷ್ಯ ತಿದ್ದಿದ್ದರೆ ಒಂದು ಅಂಕ ಹೋಗುತ್ತಿತ್ತು ಅಷ್ಟೆ. ಕೈಬರಹದ ಉತ್ತರವನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿ ಪಿಡಿಎಫ್ ಏರಿಸಲು ನಮಗೆ ಕೊಡುತ್ತಿದ್ದದ್ದು 15 ನಿಮಿಷ. ಹಿಂದಿನ ದಿನವೇ ಎಂಟು ಹಾಳೆ ಏರಿಸಿ ಅಭ್ಯಾಸ ಮಾಡಿದೆ. ಪೆನ್ಸಿಲಿನ ಗೆರೆ ಸ್ಕ್ಯಾನಿನಲ್ಲಿ ಮಸುಕಾಗುತ್ತದೆ ಅಂತ ಆಗಲೇ ಗೊತ್ತಾದದ್ದು, ಕಪ್ಪು ಪೆನ್ನಿಗೆ ಬದಲಾಯಿಸಿದೆ. ಕ್ಯಾಮೆರಾ ಮುಂದೆ ಕೋಣೆಯ ನಾಲ್ಕೂ ಮೂಲೆ, ಮೇಜಿನ ಅಡಿ, ಖಾಲಿ ಹಾಳೆಯ ಎರಡೂ ಬದಿ ತೋರಿಸಬೇಕು. ಮಾಡೆಲ್ ಸೆಟ್ ಇಟ್ಟುಕೊಳ್ಳಬಹುದೇ ಅಂತ ಮೊದಲೇ ಇಮೇಲಿನಲ್ಲಿ ಕೇಳಿ, ಆ ಉತ್ತರವನ್ನು ತೆರೆದಿಟ್ಟುಕೊಂಡಿರಬೇಕು, ಇಲ್ಲದಿದ್ದರೆ ಪರೀಕ್ಷೆ ಕಾಯುವ ಪ್ರಾಕ್ಟರ್ ಅಲ್ಲೇ ನಿಲ್ಲಿಸುತ್ತಾರೆ.

ಸೇರಿದ ದಿನವೇ ಕ್ಯಾಲೆಂಡರಿನಲ್ಲಿ ಡಬ್ಲ್ಯೂ (ಕೋರ್ಸನ್ನು ನಡುವೆ ಬಿಟ್ಟದ್ದಕ್ಕೆ ಹಾಕುವ ಗುರುತು) ಪಡೆಯುವ ಕೊನೆಯ ದಿನಾಂಕ ಗುರುತು ಹಾಕಿದೆ. ಡಬ್ಲ್ಯೂ ಜಿಪಿಎಗೆ ಸೇರುವುದಿಲ್ಲ, ಎರಡನೇ ಸಿ ಸೇರುತ್ತದೆ. ಬೇಸಿಗೆ ಕೋರ್ಸಿನಲ್ಲಿ ಆ ದಿನಾಂಕ ಊಹಿಸಿದ್ದಕ್ಕಿಂತ ಬೇಗ ಬಂದುಬಿಡುತ್ತದೆ. ಅದಕ್ಕಿಂತ ಮುಂಚಿನ ಪರೀಕ್ಷೆಗಳ ಸರಾಸರಿ 85ಕ್ಕಿಂತ ಕೆಳಗಿದ್ದರೆ ಹೊರಬರುವುದು ಅಂತ ಮೊದಲೇ ಬರೆದಿಟ್ಟಿದ್ದೆ. ಆಗ ಬಂದದ್ದು 91.