ಮೀನಿನ ಲಾರಿ ಚಾಸಿಗೆ ತುಕ್ಕು: ಕೊನೆಗೂ ನಿಂತದ್ದು ಹೇಗೆ

ಮಲ್ಪೆಯಿಂದ ಕೇರಳ, ಗೋವಾ ಕಡೆ ಮೀನು ಹೊಡೆಯುವ ಗಾಡಿಯ ಚಾಸಿ, ಅಂದರೆ ಅಡಿಯ ಕಬ್ಬಿಣದ ಚೌಕಟ್ಟು, ಐದನೇ ವರ್ಷಕ್ಕೆ ವೆಲ್ಡಿಂಗ್ ಕೇಳಿಯೇ ಕೇಳ್ತದೆ ಅಂತ ಬಂದರಿನಲ್ಲಿ ಎಲ್ಲರೂ ಒಪ್ಪಿಕೊಂಡಾಗಿದೆ. ಕೆಳಗೆ ಹೇಳುವ ಕ್ರಮದಲ್ಲಿ ತೊಳೆದು ಬಣ್ಣ ಹೊಡೆದ ನಮ್ಮ ಆರು ಚಕ್ರದ ಗಾಡಿ ಮೂರು ಮಳೆಗಾಲ ದಾಟಿದೆ. ಮೊನ್ನೆ ಅಡಿಗೆ ಹೋಗಿ ಸುತ್ತಿಗೆಯಲ್ಲಿ ತಟ್ಟಿದರೆ ಎರಡು ಕಡೆ ಬಿಟ್ಟು ಎಲ್ಲಿಯೂ ಚಕ್ಕೆ ಏಳಲಿಲ್ಲ.

ಬಣ್ಣ ಹೊಡೆಯಲಿಕ್ಕೆ ಖಾಲಿ ಗಾಡಿಯನ್ನು ಘಟ್ಟ ಹತ್ತಿಸಿ ಚಿತ್ರದುರ್ಗಕ್ಕೆ ಒಯ್ದಾಗ ನಕ್ಕವರೇ ಹೆಚ್ಚು. ನಮ್ಮ ಗಾಡಿಗಳಿಗೆ ಪುರುಸೊತ್ತು ಸಿಗುವುದು ಬೋಟುಗಳು ಕಡಲಿಗೆ ಇಳಿಯದ ಟ್ರಾಲಿಂಗ್ ನಿಷೇಧದ 61 ದಿನ, ಜೂನ್ 1ರಿಂದ ಜುಲೈ 31. ಕರಾವಳಿಯಲ್ಲಿ ಆಗ ಕಬ್ಬಿಣವನ್ನು ಒರೆಸಿ ಕೈ ತೆಗೆಯುವಷ್ಟರಲ್ಲಿ ಬೆವರಿರ್ತದೆ. ಅದರ ಮೇಲೆ ಯಾವ ಕಂಪನಿಯ ಬಣ್ಣ ಹೊಡೆದರೂ ಕತೆ ಒಂದೇ. ಚಿತ್ರದುರ್ಗದಲ್ಲಿ ಜೂನ್‌ನಲ್ಲೂ ನಾಲ್ಕು ಒಣ ದಿನ ಸಿಗ್ತದೆ.

ಅದಕ್ಕೆ ಮೊದಲು ಹಾಳು ಮಾಡಿದ ದುಡ್ಡಿನ ಲೆಕ್ಕ. ಸುಟ್ಟ ಆಯಿಲ್‌ಗೆ ಡೀಸೆಲ್ ಬೆರೆಸಿ ಹೊಡೆದರೆ ಖರ್ಚೇ ಇಲ್ಲ, ಆದರೆ ಜೋರು ಮಳೆಗೆ ತೊಳೆದು ಹೋಗ್ತದೆ, ರಬ್ಬರ್ ಬುಶ್ ಉಬ್ಬಿ ಮೆತ್ತಗಾಗ್ತದೆ. ಡಾಂಬರು ಜಾತಿಯ ಅಂಡರ್‌ಕೋಟಿಂಗ್‌ಗೆ ಎಂಟು ಸಾವಿರ ಚಿಲ್ಲರೆ. ನೋಡಲಿಕ್ಕೆ ಶೋರೂಮ್ ಗಾಡಿ! ಹದಿನಾಲ್ಕು ತಿಂಗಳಾದ ಮೇಲೆ ಸ್ಕ್ರೂಡ್ರೈವರ್ ತುದಿ ಕೊಟ್ಟು ಎಬ್ಬಿಸಿದರೆ ಅಂಗೈ ಅಗಲದ ಹಾಳೆ ಹಪ್ಪಳದ ಹಾಗೆ ಎದ್ದು ಬಂತು. ಅಡಿಯಲ್ಲಿ ಕಬ್ಬಿಣ ಒದ್ದೆ. ಜಲ್ಲಿ ಹೊಡೆದು ಬಿರುಕು ಬಿಟ್ಟಲ್ಲಿ ನೀರು ಒಳಗೆ ಹೋಗ್ತದೆ, ಹೊರಗೆ ಬರಲಿಕ್ಕೆ ದಾರಿ ಇಲ್ಲ. ಆ ವರ್ಷ ಒಂದು ಕ್ರಾಸ್ ಮೆಂಬರ್ (ಚಾಸಿಯ ಅಡ್ಡಪಟ್ಟಿ) ಬದಲಾಯಿಸಲಿಕ್ಕೆ ಇಪ್ಪತ್ತೆರಡು ಸಾವಿರ ಬಿತ್ತು. ಬರೀ ರೆಡ್ ಆಕ್ಸೈಡ್ ಹೊಡೆದದ್ದನ್ನು ಹೇಳದಿರುವುದೇ ಒಳ್ಳೆಯದು.

ತಪ್ಪು ಬಣ್ಣದ್ದಲ್ಲ, ಉಪ್ಪಿನದ್ದು. ಮೀನಿನ ಐಸ್ ಕರಗಿದ ನೀರು ತುಕ್ಕಿನ ಹೊಂಡದೊಳಗೆ ಇಳಿದು, ನೀರು ಆರಿದರೂ ಉಪ್ಪು ಅಲ್ಲೇ ಕೂತಿರ್ತದೆ. ಬಣ್ಣದ ಅಡಿಯಿಂದಲೇ ಪಸೆ ಎಳೆದು ಗುಳ್ಳೆ ಎಬ್ಬಿಸ್ತದೆ. ಒಮ್ಮೆ ವಾಟರ್ ಸರ್ವಿಸ್ ಮಾಡಿಸಿದರೆ ಸಾಲದು. ಸಿಹಿನೀರಲ್ಲಿ ತೊಳೆದು, ಚಕ್ಕೆ ಕುಟ್ಟಿ, ಮತ್ತೆ ತೊಳೆದು, ಗ್ರೈಂಡರ್‌ಗೆ ವೈರ್ ಕಪ್ ಹಾಕಿ ಉಜ್ಜಿ, ಮೂರನೇ ಸಲ ತೊಳೆಯಬೇಕು. ಸಾಕಾಯಿತೋ ಇಲ್ಲವೋ ನೋಡಲಿಕ್ಕೆ ಕುಡಿಯುವ ನೀರಲ್ಲಿ ಕರಗಿದ ಉಪ್ಪು ಎಷ್ಟು ಅಂತ ತೋರಿಸುವ ಟಿಡಿಎಸ್ ಮೀಟರ್ ಉಂಟಲ್ಲ, ಅದೇ ಸಾಕು. 100 ಎಂಎಲ್ ಬ್ಯಾಟರಿ ನೀರು (ಡಿಸ್ಟಿಲ್ಡ್ ವಾಟರ್) ತಗೊಂಡು, ಹತ್ತಿ ಅದ್ದಿ ಅಂಗೈ ಅಗಲ ಜಾಗ ಒರೆಸಿ, ಅದೇ ನೀರಿಗೆ ಹಿಂಡಿ. ಮೊದಲ ಸಲ 180ರ ಹತ್ತಿರ ತೋರಿಸಿತ್ತು. 10ರ ಆಸುಪಾಸಿಗೆ ಇಳಿಯುವವರೆಗೆ ಬಿಡಲಿಲ್ಲ. ಕೈಗೆ ರಬ್ಬರ್ ಗ್ಲೌಸ್ ಇರಲಿ, ಬೆವರೂ ಉಪ್ಪೇ.

ಒಂದು ಹಗಲು ಒಣಗಿಸಿ, ಹೊಂಡ ಬಿದ್ದಲ್ಲಿ ಮಾತ್ರ ಫಾಸ್ಫಾರಿಕ್ ಆಮ್ಲದ ರಸ್ಟ್ ಕನ್ವರ್ಟರ್, ಅಂದರೆ ಉಳಿದ ತುಕ್ಕನ್ನು ಗಟ್ಟಿ ಪದರ ಮಾಡುವ ದ್ರವ. ಹೆಚ್ಚಾದದ್ದನ್ನು ತೊಳೆದು ಒಣಗಿಸದಿದ್ದರೆ ಮೇಲಿನ ಕೋಟ್ ಹಿಡಿಯುವುದಿಲ್ಲ. ಆಮೇಲೆ ಅಲ್ಯೂಮಿನಿಯಂ ಎಪಾಕ್ಸಿ ಮಾಸ್ಟಿಕ್, ಎರಡು ಡಬ್ಬಿಯದ್ದನ್ನು ಕಲಸಿ ಹೊಡೆಯುವ ದಪ್ಪ ಬಣ್ಣ. ಸತುವಿನ ಪ್ರೈಮರ್ ಇನ್ನೂ ಒಳ್ಳೆಯದು ಅಂತಾರೆ, ಆದರೆ ಅದಕ್ಕೆ ಸ್ಯಾಂಡ್‌ಬ್ಲಾಸ್ಟ್ ಮಾಡಿ, ಅಂದರೆ ಮರಳು ಚಿಮ್ಮಿಸಿ, ಬೆಳ್ಳಗೆ ಮಾಡಿದ ಕಬ್ಬಿಣವೇ ಬೇಕು; ಕೈಯಲ್ಲಿ ಉಜ್ಜಿದ್ದಕ್ಕೆ ಮಾಸ್ಟಿಕ್ಕೇ ಸರಿ. ಅರ್ಧ ಲೀಟರ್‌ಗಿಂತ ಹೆಚ್ಚು ಕಲಸಬೇಡಿ, ಸೆಕೆಗೆ ಡಬ್ಬಿಯಲ್ಲೇ ಗಟ್ಟಿಯಾಗ್ತದೆ. ಮೊದಲು ಅಂಚು, ವೆಲ್ಡಿಂಗ್, ಬೋಲ್ಟ್ ತಲೆಗಳಿಗೆ ಬ್ರಶ್‌ನಲ್ಲಿ ತಿಕ್ಕಿ. ಬಣ್ಣ ಅಂಚಿನಿಂದ ಹಿಂದೆ ಸರಿದು ತೆಳುವಾಗ್ತದೆ, ತುಕ್ಕು ಶುರುವಾಗುವುದೂ ಅಲ್ಲಿಂದಲೇ. ಮೊದಲ ಕೋಟ್ ಬೆಳ್ಳಿ, ಎರಡನೆಯದು ಕಪ್ಪು ಮಾಡಿದರೆ ಬಿಟ್ಟುಹೋದ ಜಾಗ ಕಣ್ಣಿಗೆ ಹೊಡೀತದೆ. ಎರಡೂ ಸೇರಿ ಆರೂವರೆ ಲೀಟರ್ ಹಿಡಿಯಿತು.

ಚಾಸಿ ನಂಬರ್ ಮೇಲೆ ಬಣ್ಣ ಬೇಡ, ಎಫ್‌ಸಿಗೆ (ಗಾಡಿಯ ಫಿಟ್‌ನೆಸ್ ತಪಾಸಣೆಗೆ) ಹೋದಾಗ ಉಜ್ಜುತ್ತಾ ಕೂರಬೇಕಾಗ್ತದೆ. ಬರೀ ಗ್ರೀಸ್ ಸಾಕು. ಏರ್ ಹೋಸ್, ಸ್ಲ್ಯಾಕ್ ಅಡ್ಜಸ್ಟರ್, ಎಬಿಎಸ್ ಸೆನ್ಸರ್, ಗ್ರೀಸ್ ನಿಪ್ಪಲ್, ಸೈಲೆನ್ಸರ್ ಎಲ್ಲ ಮುಚ್ಚಿಕೊಳ್ಳಿ. ಲೀಫ್ ಸ್ಪ್ರಿಂಗ್‌ಗೆ ಗ್ರಾಫೈಟ್ ಗ್ರೀಸ್ ಮಾತ್ರ. ಅರ್ತಿಂಗ್ ಬೋಲ್ಟ್ ಮರೆತು ಅದಕ್ಕೂ ಬಣ್ಣ ಬಳಿದಾಗಿತ್ತು: ವಾಪಸ್ ಬರುವಾಗ ಒಂದು ಹೆಡ್‌ಲೈಟ್ ಮಂಕು, ವೈಪರ್ ನಿಧಾನ. ಎಲೆಕ್ಟ್ರಿಷಿಯನ್‌ಗೆ ಅರ್ಧ ದಿನದ ಕೂಲಿ ದಂಡ.

ಪ್ಲೇಟ್ ಜೋಡಣೆಯ ಸಂದಿಗೆ ಬಣ್ಣ ಇಳಿಯುವುದಿಲ್ಲ. ಅಲ್ಲಿಗೆ ಲ್ಯಾನೊಲಿನ್, ಅಂದರೆ ಕುರಿ ಉಣ್ಣೆಯ ಜಿಡ್ಡು, ಟರ್ಪೆಂಟೈನ್‌ನಲ್ಲಿ ಕರಗಿಸಿ ಸಣ್ಣ ನಳಿಗೆಯಲ್ಲಿ ಹೊಡೆದದ್ದು. ಪ್ರಮಾಣ ಕೇಳಬೇಡಿ, ಅದಕ್ಕೆ ಮೂರು ಸಲ ಕೈ ಸುಟ್ಟುಕೊಂಡಾಗಿದೆ.

ನಡುವೆ ಬೋಟಿನವರ ಹಾಗೆ ಚಾಸಿಗೆ, ತಾನು ಸವೆದು ಕಬ್ಬಿಣ ಉಳಿಸುವ ಸತುವಿನ ಗಟ್ಟಿ ಬಿಗಿದೂ ನೋಡಿದ್ದುಂಟು. ದಂಡ! ಅದು ನೀರಲ್ಲಿ ಮುಳುಗಿದ್ದರೆ ಮಾತ್ರ ಕೆಲಸ ಮಾಡುವ ವಸ್ತು. ಆದರೆ ಚಾಸಿಗೂ ಬಾಡಿಗೂ ನಡುವಿನ ಮರದ ಪಟ್ಟಿಗೆ ಬಳಿದ ಗೇರು ಸಿಪ್ಪೆ ಎಣ್ಣೆ ಚೆನ್ನಾಗಿ ನಿಂತಿದೆ. ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳ್ತದೆ, ಜಾಗ್ರತೆ.

ಒಟ್ಟು ಖರ್ಚು ನೆನಪಿದ್ದ ಹಾಗೆ: ಹೋಗಿ ಬರುವ ಡೀಸೆಲ್ ಎಂಟೂವರೆ ಸಾವಿರ, ಎಪಾಕ್ಸಿ ನಾಲ್ಕು, ಇಬ್ಬರ ಕೂಲಿ ಆರು, ಉಳಿದ ಸಾಮಾನು ಎರಡೂವರೆ. ಇಪ್ಪತ್ತೊಂದು ಸಾವಿರ, ಆ ಒಂದು ಕ್ರಾಸ್ ಮೆಂಬರ್‌ಗಿಂತ ಕಡಿಮೆ.

ಚಕ್ಕೆ ಎದ್ದ ಎರಡು ಕಡೆ ಅಂದರೆ ಏರ್ ಟ್ಯಾಂಕ್ ಪಟ್ಟಿಯ ರಬ್ಬರ್ ಅಡಿ, ಹಿಂದಿನ ಎಡಗಡೆ ಸ್ಪ್ರಿಂಗ್ ಬ್ರಾಕೆಟ್‌ನ ರಿವೆಟ್ ಸಂದು. ಟ್ಯಾಂಕ್ ಇಳಿಸದೆ ಕೆಲಸ ಮಾಡಿದ್ದರ ಫಲ ಮೊದಲನೆಯದು. ಬ್ರಾಕೆಟ್ ಸಂದಿನಲ್ಲಿ ಹಳೇ ತುಕ್ಕು ಆಗಲೇ ಉಬ್ಬಿ ಪ್ಲೇಟನ್ನು ದೂಡಿತ್ತು. ಅದನ್ನು ಬರುವ ಜೂನ್‌ನಲ್ಲಿ ರಿವೆಟ್ ಕತ್ತರಿಸಿ, ಬಿಚ್ಚಿಯೇ ತೊಳೆಯಬೇಕು.