ಶಿವನಿ ಹಲಗೆಯಲ್ಲಿ ಹಂಸಬಳ್ಳಿ: ಉಬ್ಬುಕೆತ್ತನೆ ಮಾಡುವ ಕ್ರಮ

ಸಾಗರ, ಸೊರಬ ಕಡೆಯ ಗುಡಿಗಾರರ ಕೆತ್ತನೆ ಎಂದೊಡನೆ ಶ್ರೀಗಂಧ ನೆನಪಾಗುತ್ತದೆ. ಕಲಿಯುವ ಕೈಗೆ ಮಾತ್ರ ಶಿವನಿಯೇ ಸರಿ. ಮರ ಹಗುರ, ಮೆದು. ಚೆನ್ನಾಗಿ ಒಣಗಿದ್ದರೆ ಸೊಟ್ಟಗಾಗುವುದು ಕಡಿಮೆ. ತೇಗದಲ್ಲಿರುವ ಸಿಲಿಕಾ ಉಳಿಯ ಬಾಯಿಯನ್ನು ಬೇಗ ಮೊಂಡು ಮಾಡುತ್ತದೆ. ಬೀಟೆ ಗಟ್ಟಿ, ಅದರ ಹುಡಿ ಕೆಲವರ ಮೈಗೆ ಆಗದು. ಬಳ್ಳಿಯ ಸುರುಳಿಯೊಳಗೆ ಒಂದು ಹಂಸವಿರುವ ಫಲಕವನ್ನು ಮಾಡುವ ಕ್ರಮ ಇಲ್ಲಿದೆ.

ಹಲಗೆ

12 ಅಂಗುಲ ಉದ್ದ, 6 ಅಂಗುಲ ಅಗಲ, ಒಂದೂವರೆ ಅಂಗುಲ ದಪ್ಪದ ಹಲಗೆ ಬೇಕು. ಗಂಟು ಇರಬಾರದು, ಎಳೆ ಉದ್ದಕ್ಕೆ ನೇರವಾಗಿ ಸಾಗಿರಬೇಕು. ನೆರಳಿನಲ್ಲಿ, ನಡುನಡುವೆ ರೀಪು ಕೊಟ್ಟು ಪೇರಿಸಿ ಒಣಗಿಸಬೇಕು. ಅಂಗುಲ ದಪ್ಪಕ್ಕೆ ಒಂದು ವರ್ಷ ಎನ್ನುವುದು ಸ್ಥೂಲ ಲೆಕ್ಕ. ಮಲೆನಾಡಿನ ಮಳೆಗಾಲವನ್ನು ಆ ಲೆಕ್ಕದಲ್ಲಿ ನೆಚ್ಚಬೇಡಿ. ತೇವ ಅಡ್ಡೆಳೆಯ, ಅಂದರೆ ಎಳೆ ಅಡ್ಡಕ್ಕೆ ಕತ್ತರಿಸಿ ಕಾಣುವ, ತುದಿಗಳಿಂದ ಬೇಗ ಹೊರಟುಹೋಗಿ ಅಲ್ಲಿಂದಲೇ ಸೀಳು ಶುರುವಾಗುವುದರಿಂದ ಎರಡೂ ತುದಿಗೆ ಮೇಣ ಅಥವಾ ಬಣ್ಣ ಬಳಿದಿಡಬೇಕು. ಹಸಿ ಹಲಗೆಯಲ್ಲಿ ಕೆತ್ತಿದರೆ ಕೆಲಸ ಮುಗಿದ ಮೇಲೆ ಬಿರುಕು ಬಿಡುತ್ತದೆ, ಆಗ ಮಾಡುವುದಕ್ಕೇನೂ ಉಳಿದಿರುವುದಿಲ್ಲ.

ಉಳಿಗಳು

ಚಪ್ಪಟೆ ಬಾಯಿಯವು ಕಾಲು ಮತ್ತು ಅರ್ಧ ಅಂಗುಲದ್ದು, ಗುಂಡು ಬಾಯಿಯವು ಕಾಲು, ಅರ್ಧ, ಮುಕ್ಕಾಲು ಅಂಗುಲದ್ದು, ಓರೆ ಬಾಯಿಯದೊಂದು, ಗೀರು ಎಳೆಯಲು ಸಣ್ಣದೊಂದು: ಏಳು ಉಳಿ ಸಾಕು. ಜೊತೆಗೆ ಅರ್ಧ ಕಿಲೋ ತೂಕದ ಕೊಡತಿ. ಶಿವನಿಗೆ ಉಳಿಯ ಬಾಯಿ ಸುಮಾರು 20 ಡಿಗ್ರಿ ಇಳಿಜಾರಾಗಿರಲಿ, ಬೀಟೆಗಾದರೆ 25. ಸಾಣೆಕಲ್ಲಿನ ಮೇಲೆ ಹಿಂಬದಿಗೆ ಸಣ್ಣ ಮುಳ್ಳು (ಬೆರಳಿಗೆ ತಾಗುವ ಉಕ್ಕಿನ ತರಿ) ಏಳುವವರೆಗೆ ಉಜ್ಜಿ, ಆ ಮುಳ್ಳನ್ನು ತೊಗಲಿನ ಮೇಲೆ ಎಳೆದು ತೆಗೆಯಬೇಕು. ತಿರುಗುವ ಸಾಣೆಗೆ ಒತ್ತಿ ಹಿಡಿದು ಬಾಯಿ ನೀಲಿಗಟ್ಟಿತೋ, ಉಕ್ಕಿನ ಹದ ಹೋಯಿತು. ಅಷ್ಟು ಭಾಗ ಸವೆಸಿ ತೆಗೆಯದ ಹೊರತು ಅಂಚು ನಿಲ್ಲುವುದಿಲ್ಲ. ಪರೀಕ್ಷೆಗೆ ಇದೇ ಮರದ ತುಂಡೊಂದರ ಅಡ್ಡೆಳೆಯನ್ನು ಕೊಯ್ದು ನೋಡಿ. ಕೊಯ್ದ ಜಾಗ ಹೊಳೆದರೆ ಸರಿ, ಬೆಳ್ಳಗೆ ಗೀರುಬಿದ್ದರೆ ಮತ್ತೆ ಕಲ್ಲಿಗೆ.

ಗೆರೆ

ಚಿತ್ರವನ್ನು ಕಾಗದದ ಮೇಲೆ ಬರೆದು, ಇಂಗಾಲದ ಕಾಗದ ಇಟ್ಟು ಹಲಗೆಗೆ ಇಳಿಸಿ. ಎಳೆ ಇಲ್ಲೇ ಲೆಕ್ಕಕ್ಕೆ ಬರಬೇಕು. ಹಂಸದ ಕತ್ತು ಎಳೆಯ ಜೊತೆ ಸಾಗಲಿ. ಎಳೆಗೆ ಅಡ್ಡ ಬರುವ ತೆಳುವಾದ ಭಾಗ ಯಾವುದೇ ಇರಲಿ, ಮುರಿಯುತ್ತದೆ. ಕೊಕ್ಕು ಅಡ್ಡ ಬರಲೇಬೇಕಿದ್ದರೆ ಅದರ ತುದಿಯನ್ನು ಪಕ್ಕದ ಎಲೆಗೆ ತಾಗಿಸಿ ಬರೆಯಿರಿ. ಹಳೆಯ ಕೆತ್ತನೆಗಳಲ್ಲಿ ಹಕ್ಕಿ ಮೊಗ್ಗನ್ನು ಕಚ್ಚಿಕೊಂಡಿದ್ದರೆ ಅಂದದ ಜೊತೆ ಕೊಕ್ಕಿಗೆ ಆಸರೆಯೂ ಸಿಕ್ಕಿರುತ್ತದೆ.

ನೆಲ ತಗ್ಗಿಸುವುದು

ನೆಲ ಎಂದರೆ ಚಿತ್ರದ ಸುತ್ತಲಿನ ಬಯಲು ಜಾಗ. ಇಡೀ ಕೆಲಸದ ಜೀವ ಇಲ್ಲಿದೆ, ಹೊಸಬರು ಅವಸರ ಮಾಡುವುದೂ ಇಲ್ಲೇ. ಹಲಗೆ ಅಲುಗದಂತೆ ನಾಲ್ಕೂ ಬದಿಗೆ ರೀಪು ಹೊಡೆದುಕೊಳ್ಳಿ. ಗೆರೆಯ ಮೇಲೆಯೇ ಉಳಿ ಇಟ್ಟು ಹೊಡೆಯಬೇಡಿ: ಉಳಿ ಬೆಣೆಯಾಗಿ ಒಳನುಗ್ಗಿ ಗೆರೆಯೊಳಗಿನ ಎಳೆಯನ್ನೂ ಜಜ್ಜುತ್ತದೆ. ಒಂದೂವರೆ ಮಿ.ಮೀ. ಹೊರಗೆ ಕಡಿದು, ಹೊರಗಿನ ಮರವನ್ನು ಮುಕ್ಕಾಲು ಅಂಗುಲದ ಗುಂಡುಳಿಯಿಂದ ಅಡ್ಡಡ್ಡಲಾಗಿ ತೆಗೆಯಿರಿ. ಎಳೆಯುದ್ದಕ್ಕೆ ಬಲವಾಗಿ ನೂಕಿದರೆ ಚಕ್ಕೆ ಸೀಳಿಕೊಂಡು ಎಲೆಯ ಕೆಳಗೇ ನುಗ್ಗಬಹುದು. ಒಂದು ಸುತ್ತಿನಲ್ಲಿ 2-3 ಮಿ.ಮೀ. ಆಳ ಮಾತ್ರ. ಮತ್ತೆ ಕಡಿ, ಮತ್ತೆ ತೆಗೆ, 15 ಮಿ.ಮೀ. ಆಳ ಬಂದಾಗ ನಿಲ್ಲಿಸಿ. ಅಂಚಿನ ಗೋಡೆ ಬುಡದಲ್ಲಿ ತುಸು ಹೊರಚಾಚಿಯೇ ಇರಲಿ. ಈಗಲೇ ಒಳಗೆ ಕೊರೆದರೆ ಮುಂದೆ ತಿದ್ದಲು ಮರ ಸಿಗದು.

ಆಳವನ್ನು ಕಣ್ಣಂದಾಜಿಗೆ ಬಿಡಬೇಡಿ. ಒಂದು ಪಟ್ಟಿಗೆ ಮೊಳೆ ಹೊಡೆದು, ಅದರ ತುದಿ 15 ಮಿ.ಮೀ. ಹೊರಗಿರುವಂತೆ ಮಾಡಿಕೊಳ್ಳಿ. ಪಟ್ಟಿಯನ್ನು ಹಲಗೆಯ ಮೇಲೆ ಅಡ್ಡಲಾಗಿ ಸರಿಸಿದಾಗ ಮೊಳೆ ತಡೆದ ಜಾಗ ಇನ್ನೂ ಎತ್ತರ ಎಂದರ್ಥ.

ಸುರುಳಿಯ ಸುತ್ತ ಉಳಿ ಒಂದೇ ದಿಕ್ಕಿಗೆ ಓಡದು. ಹೊರಬಾಗಿನಲ್ಲಿ ಎಳೆಗೆ ಸಮಾಂತರವಾದ ಜಾಗದಿಂದ ಅಡ್ಡೆಳೆಯ ಕಡೆಗೆ, ಒಳಬಾಗಿನಲ್ಲಿ ಇದಕ್ಕೆ ತಿರುಗುಮುರುಗು. ಹೀಗೆ ಒಂದು ಪೂರ್ತಿ ಸುತ್ತಿನಲ್ಲಿ ನಾಲ್ಕು ಸಲ ದಿಕ್ಕು ಬದಲಾಗುತ್ತದೆ. ಮರ ತರಿತರಿಯಾಗಿ ಕಿತ್ತು ಬಂದರೆ ಬಲ ಹೆಚ್ಚಿಸಬೇಡಿ, ದಿಕ್ಕು ಬದಲಿಸಿ.

ಮೈ ಮತ್ತು ವಿವರ

ಮೊದಲು ಮಟ್ಟಗಳನ್ನು ನಿಶ್ಚಯಿಸಿ: ಹಂಸದ ಎದೆ ಎಲ್ಲಕ್ಕಿಂತ ಮೇಲೆ, ರೆಕ್ಕೆ 3 ಮಿ.ಮೀ. ಕೆಳಗೆ, ಬಳ್ಳಿಯ ದಂಟು 6, ಎಲೆಯ ತುದಿಗಳು ನೆಲದ ಹತ್ತಿರ. ಎಲ್ಲವೂ ಒಂದೇ ಎತ್ತರದಲ್ಲಿದ್ದರೆ ಎಷ್ಟು ಗರಿ ಗೀರಿದರೂ ಹಕ್ಕಿ ಅಚ್ಚೊತ್ತಿದ ಬಿಸ್ಕತ್ತಿನಂತೆ ಚಪ್ಪಟೆಯಾಗಿಯೇ ಕಾಣುತ್ತದೆ. ಆಮೇಲೆ ಕೊಡತಿ ಬದಿಗಿಟ್ಟು, ಎರಡೂ ಕೈಯಿಂದ ಉಳಿ ಹಿಡಿದು ಮೈ ದುಂಡಗೆ ಮಾಡಿ. ಎರಡೂ ಕೈ ಉಳಿಯ ಬಾಯಿಯ ಹಿಂದೆಯೇ ಇರಬೇಕು. ಬೆಳಕು ಒಂದು ಬದಿಯಿಂದ ಬೀಳಲಿ. ನೆತ್ತಿಯ ಮೇಲಿನ ದೀಪದಲ್ಲಿ ಉಬ್ಬುತಗ್ಗು ಗೊತ್ತಾಗದು.

ಮನೆಮಂದಿ ಸೇರಿ ಮಾಡುವ ಕಾರ್ಖಾನೆಯಲ್ಲಿ ನೆಲ ತಗ್ಗಿಸುವುದು ಕಿರಿಯರ ಕೆಲಸ, ಮುಖ ತೆಗೆಯುವುದು ಹಿರಿಯರದ್ದು ಎಂದು ಹಂಚಿಕೊಳ್ಳುವುದುಂಟು. ಒಬ್ಬರೇ ಮಾಡುವಾಗಲೂ ಕಣ್ಣು, ಗರಿಯ ಗೀರು, ಎಲೆಯ ನರ ಕೊನೆಗೇ ಬರಬೇಕು. ಎಲೆಯಂಚಿನ ಕೆಳಗೆ ಒಳಗೊರೆದು ನೆರಳು ಬರಿಸುವುದು ಅದಕ್ಕೂ ಆಮೇಲೆ. ಅಂಚು 3 ಮಿ.ಮೀ.ಗಿಂತ ತೆಳುವಾಗದಿರಲಿ.

ಮರಳು ಕಾಗದ ಮುಟ್ಟುವುದು ಉಳಿಯ ಕೆಲಸ ಪೂರ್ತಿ ಮುಗಿದ ಮೇಲೆಯೇ. ಎಳೆಯಲ್ಲಿ ಸಿಕ್ಕಿಕೊಂಡ ಮರಳಿನ ಕಣಗಳ ಮೇಲೆ ಮತ್ತೆ ಉಳಿ ಓಡಿಸಿದರೆ ಬಾಯಿ ಹಾಳು. 180, ಆಮೇಲೆ 240ರ ಕಾಗದವನ್ನು ಎಳೆಯುದ್ದಕ್ಕೆ ಹಗುರವಾಗಿ ಆಡಿಸಿ. ಗರಿಗಳ ಮೇಲೆ ಬೇಡ, ಉಳಿಯ ಗುರುತೇ ಅಲ್ಲಿ ಚೆಂದ.

ಎಣ್ಣೆ

ಬೇಯಿಸಿದ ಅಗಸೆ ಎಣ್ಣೆಯನ್ನು (ಅಂಗಡಿಯಲ್ಲಿ ಸಿಗುವ ಬಾಯ್ಲ್ಡ್ ಲಿನ್ಸೀಡ್ ಆಯಿಲ್) ತೆಳುವಾಗಿ ಹಚ್ಚಿ, ಅರ್ಧ ಗಂಟೆ ಬಿಟ್ಟು, ಉಳಿದದ್ದನ್ನು ಒರೆಸಿ ತೆಗೆಯಿರಿ. ಒಂದು ದಿನ ಬಿಟ್ಟು ಎರಡನೆಯ ಸಲ. ಹಲಗೆಯ ಬೆನ್ನಿಗೂ ಹಚ್ಚಲೇಬೇಕು, ಇಲ್ಲದಿದ್ದರೆ ಎರಡು ಬದಿ ಬೇರೆಬೇರೆಯಾಗಿ ತೇವ ಹೀರಿ ಫಲಕ ಬಾಗುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಈ ಎಣ್ಣೆ ಒಣಗುವಾಗ ಬಿಸಿಯೇರಿ ಬಟ್ಟೆಗೆ ತಾನಾಗಿಯೇ ಬೆಂಕಿ ಹತ್ತಬಹುದು. ಹೊರಗೆ ಹರಡಿ ಒಣಗಿಸಿ ಅಥವಾ ನೀರಿನಲ್ಲಿ ನೆನೆಹಾಕಿ. ಮುಂದೆ ಎಂದಾದರೂ ಶ್ರೀಗಂಧದಲ್ಲಿ ಕೆತ್ತಿದರೆ ಎಣ್ಣೆ, ವಾರ್ನಿಷ್ ಎರಡೂ ಬೇಡ, ಪರಿಮಳಕ್ಕೆ ತಡೆಯಾಗುತ್ತವೆ. ಗಂಧದ ಮರವನ್ನು ದಾಖಲೆ ಸಮೇತವೇ ಕೊಳ್ಳಿ, ರಶೀದಿಯನ್ನು ಜೋಪಾನವಾಗಿಡಿ.