ಅಪ್ಪ, ತಾಲಿನ್ ಮತ್ತು ಒಂದು ವರ್ನಿಯರ್

ಮೊದಲ ಸಲ ಎಸ್ಟೋನಿಯಾದ ರಾಜಧಾನಿ ತಾಲಿನ್‌ಗೆ ಹೋದಾಗ ಸೂಟ್‌ಕೇಸಿನ ಚಕ್ರ ಮುರಿದುಕೊಂಡು ಬಂದಿದ್ದೆ. ತಪ್ಪು ನನ್ನದೇ. ನಾವಿರುವ ಹೆಲ್ಸಿಂಕಿಯಿಂದ ಹಡಗಿನಲ್ಲಿ ಎರಡು ಗಂಟೆಯ ದಾರಿ, ಕೋಟೆಯೊಳಗಿನ ಹಳೇ ಊರಲ್ಲೇ ರೂಮು ಹಿಡಿದರೆ ಎಲ್ಲ ಕೈಗೆ ಸಿಗುತ್ತದೆ ಅಂದುಕೊಂಡಿದ್ದೆ. ವಿರು ಬಾಗಿಲು ದಾಟಿದ ಮೇಲೆ ನೆಲವೆಲ್ಲ ಗುಂಡುಕಲ್ಲು. ಚಕ್ರ ಕಿತ್ತು ಬಂತು, ಉಳಿದ ದಾರಿಗೆ ಪೆಟ್ಟಿಗೆ ಹೆಗಲೇರಿತು. ಮರುದಿನ ಕ್ರೂಸ್ ಹಡಗುಗಳ ಜನ ಇಳಿದದ್ದೇ ತಡ, ಟೌನ್‌ಹಾಲ್ ಚೌಕ ನಮ್ಮ ಸಿದ್ಧಾರೂಢ ಜಾತ್ರೆಯಂತಾಯಿತು. ಫೋಟೋ ತೆಗೆದುಕೊಂಡು ವಾಪಸ್ ಬಂದೆ. ಊರು ನೋಡಿದೆ ಅನ್ನಿಸಲಿಲ್ಲ.

ಎರಡನೇ ಸಲ, ಸೆಪ್ಟೆಂಬರ್‌ನಲ್ಲಿ, ಹುಬ್ಬಳ್ಳಿಯಿಂದ ಬಂದ ಅಪ್ಪನನ್ನು ಕರೆದುಕೊಂಡು ಹೋಗುವುದಿತ್ತು. ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಬಲಗಾಲಿನ ಮೊಣಕಾಲು ನೋವು. ಹಾಗಾಗಿ ಯೋಜನೆಯನ್ನೇ ತಿರುವಿಹಾಕಿದೆ. ವಾಸ ಕೋಟೆಯ ಹೊರಗೆ, ರೈಲ್ವೆ ಸ್ಟೇಷನ್ನಿನ ಆಚೆಯ ಕಲಾಮಾಯಾದಲ್ಲಿ. ಹಳೇ ಊರಿಗೆ ಬೆಳಿಗ್ಗೆ ಒಂಬತ್ತರೊಳಗೆ ಇಲ್ಲವೇ ಕತ್ತಲಾದ ಮೇಲೆ. ಹಗಲೆಲ್ಲ ಹೊರಗಿನ ಊರಿಗೆ. ಅಪ್ಪನಿಗೆ ಫಿನ್ಲೆಂಡಿನಿಂದ ಪಡೆದ ಶೆಂಗೆನ್ ವೀಸಾ ಎಸ್ಟೋನಿಯಾಕ್ಕೂ ಸಾಕು, ದುಡ್ಡೂ ಅದೇ ಯೂರೋ. ಟ್ರಾಮ್ ಹತ್ತಿ ಮುಂಬಾಗಿಲ ಯಂತ್ರಕ್ಕೆ ಬ್ಯಾಂಕ್ ಕಾರ್ಡ್ ತಾಗಿಸಿದರಾಯಿತು. 2013ರಿಂದ ಪ್ರಯಾಣ ಉಚಿತ ಅಂತ ಕೇಳಿ ಹಾಗೇ ಹತ್ತಿ ಕೂರಬೇಡಿ, ಅದು ಅಲ್ಲಿಯ ನಿವಾಸಿಗಳಿಗೆ ಮಾತ್ರ.

ಮೊದಲ ಬೆಳಿಗ್ಗೆ ಏಳಕ್ಕೆಲ್ಲ ತೂಂಪೆಯಾ ಗುಡ್ಡದ ಮೇಲಿದ್ದೆವು. ಕೆಳಗಿನ ಊರಿನಿಂದ ಗುಡ್ಡಕ್ಕೆ ಎರಡು ಹಳೇ ದಾರಿ. ಮೆಟ್ಟಿಲಿನದು ಲ್ಯುಹಿಕೆ ಯಾಲ್ಗ್, ಅಂದರೆ ಗಿಡ್ಡ ಕಾಲು. ಬಂಡಿ ಹೋಗುವ ಇಳಿಜಾರು ಪಿಕ್ ಯಾಲ್ಗ್, ಉದ್ದ ಕಾಲು. ಒಂದು ಕಾಲು ಗಿಡ್ಡ, ಒಂದು ಉದ್ದ, ಅದಕ್ಕೇ ತಾಲಿನ್ ಕುಂಟುತ್ತದೆ ಅಂತ ಅಲ್ಲಿಯವರ ತಮಾಷೆ. ಇದನ್ನು ಹೇಳಿದಾಗ ಅಪ್ಪ ಗೋಡೆ ಹಿಡಿದು ನಿಂತು ನಕ್ಕರು: “ಹಂಗಾದ್ರ ಊರೂ ನನ್ನಂಗ ಐತಿ ಬಿಡು.” ಮೊಣಕಾಲು ನೋವಿದ್ದವರು ಉದ್ದ ಕಾಲನ್ನೇ ಹಿಡಿಯಿರಿ.

ಗುಡ್ಡದ ಮೂಲೆಯಲ್ಲಿ ಪಿಕ್ ಹೆರ್ಮನ್ ಗೋಪುರ. ಸೂರ್ಯೋದಯಕ್ಕೆ ಅದರ ಮೇಲೆ ನೀಲಿ, ಕಪ್ಪು, ಬಿಳಿಯ ಬಾವುಟ ಏರುತ್ತದೆ. ಸೋವಿಯತ್ ಆಡಳಿತ ಇನ್ನೂ ಇದ್ದಾಗಲೇ, 1989ರ ಫೆಬ್ರವರಿ 24ರಂದು, ಕೆಂಪು ಬಾವುಟದ ಜಾಗದಲ್ಲಿ ಇದನ್ನು ಏರಿಸಿದ್ದರು. ಸ್ವಾತಂತ್ರ್ಯ ಮರಳಿದ್ದು 1991ರ ಆಗಸ್ಟ್ 20ಕ್ಕೆ. ಅಪ್ಪ ಕೈ ಕಟ್ಟಿಕೊಂಡು ನೆಟ್ಟಗೆ ನಿಂತು ಬಾವುಟ ನೋಡಿದರು. ಅಲ್ಲಿಂದ ಕೊಹ್ತುಓಟ್ಸ ಕಟ್ಟೆಗೆ ಬಂದರೆ ಕೆಂಪು ಹೆಂಚು, ಕೋಟೆಯ ಬುರುಜುಗಳು, ಒಲೆವಿಸ್ಟೆ ಚರ್ಚಿನ ಚೂಪು ಶಿಖರ, ಹಿಂದೆ ಸಮುದ್ರ. ಆ ಶಿಖರದಿಂದ ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿ ಒಂದು ಕಾಲಕ್ಕೆ ರೇಡಿಯೋ ಕೆಲಸ ನಡೆಸಿತ್ತು. ನಮ್ಮನ್ನು ಬಿಟ್ಟರೆ ಅಲ್ಲಿ ಒಂದು ಕಡಲಹಕ್ಕಿ ಮಾತ್ರ ಇತ್ತು. ಹೋದ ಸಲ ಇದೇ ಕಟ್ಟೆಯಲ್ಲಿ ಸರದಿ ನಿಂತಿದ್ದೆ.

ಹಗಲಲ್ಲಿ ಕೋಟೆಯೊಳಗೆ ಹೋದದ್ದು ಎರಡೇ ಕೆಲಸಕ್ಕೆ. 1422ರ ದಾಖಲೆಯಲ್ಲೇ ಕಾಣಿಸುವ ಚೌಕದ ಮೂಲೆಯ ಔಷಧಿ ಅಂಗಡಿಯಲ್ಲಿ ಈಗಲೂ ಮಾತ್ರೆ, ಮುಲಾಮು ಮಾರುತ್ತಾರೆ. ಆರುನೂರು ವರ್ಷದ ಅಂಗಡಿಯ ಮುಲಾಮು ಅಂತ ಅಪ್ಪನಿಗೆ ಅದರ ಮೇಲೆ ನಂಬಿಕೆ ಬಂತು, ನೋವು ಕಡಿಮೆಯಾಯಿತೋ ಇಲ್ಲವೋ. ಇನ್ನೊಂದು ಕಟರೀನಾ ಓಣಿ. ಹಳೇ ಮಠದ ಗೋಡೆಗೆ ಒರಗಿದ ಈ ಓಣಿಯಲ್ಲಿ ಹೆಂಗಸರು ಗಾಜು, ಮಣ್ಣು, ಚರ್ಮ, ಟೋಪಿಯ ಕೆಲಸವನ್ನು ಬಾಗಿಲು ತೆರೆದಿಟ್ಟುಕೊಂಡೇ ಮಾಡುತ್ತಾರೆ. ಉಳಿದ ಕಡೆಯ ಸ್ಮರಣಿಕೆ ಅಂಗಡಿಗಳನ್ನು ಬಿಟ್ಟರೂ ನಡೆದೀತು.

ಟೆಲ್ಲಿಸ್ಕಿವಿಗೆ ಹೋದ ದಿನ ಅಪ್ಪ ಬೇರೆಯೇ ಮನುಷ್ಯ. ಟೆಲ್ಲಿಸ್ಕಿವಿ ಅಂದರೆ ಇಟ್ಟಿಗೆ. ಸೇಂಟ್ ಪೀಟರ್ಸ್‌ಬರ್ಗಿನಿಂದ ತಾಲಿನ್‌ಗೆ ರೈಲು ಬಂದದ್ದು 1870ರಲ್ಲಿ. ಅದರ ಬೆನ್ನಿಗೆ ಹಳಿಯ ಪಕ್ಕದಲ್ಲೇ ಎದ್ದ ರೈಲ್ವೆ ಕಾರ್ಖಾನೆ ಸೋವಿಯತ್ ಕಾಲದಲ್ಲಿ ಕಲಿನಿನ್ ಹೆಸರಿನ ವಿದ್ಯುತ್ ಉಪಕರಣದ ಕಾರ್ಖಾನೆಯಾಯಿತು. ಈಗ ಆ ಶೆಡ್ಡುಗಳಲ್ಲಿ ವಿನ್ಯಾಸಕರ ಆಫೀಸು, ನಾಟಕದ ಮನೆ, ಪುಸ್ತಕದಂಗಡಿ, ಕಾಫಿ ಹೋಟೆಲು, 2019ರಲ್ಲಿ ತೆರೆದ ಫೋಟೋಗ್ರಾಫಿಸ್ಕಾ ಎಂಬ ಛಾಯಾಚಿತ್ರ ಸಂಗ್ರಹಾಲಯ. ಗೋಡೆ ತುಂಬ ಆಳೆತ್ತರದ ಚಿತ್ರಗಳು. ನಾನು ಚಿತ್ರ ನೋಡುತ್ತಿದ್ದರೆ ಅಪ್ಪ ತಲೆ ಎತ್ತಿ ಛಾವಣಿಯ ಕಬ್ಬಿಣ ನೋಡುತ್ತಿದ್ದರು. “ನಮ್ಮ ವರ್ಕ್‌ಶಾಪ್ ಇದ್ದಂಗ ಐತಿ. ಕೆಡವಲಿಲ್ಲ ನೋಡು ಇವ್ರು, ಶಾಣ್ಯಾರು. ಆದ್ರ ಒಂದ್ ಲೇಥ್ ಆದ್ರೂ ಇಡಬೇಕಿತ್ತು.” ನನ್ನ ತಕರಾರೂ ಸುಮಾರು ಅದೇ. ಬಣ್ಣ ಬಳಿದ ಗೋಡೆ ಸಾವಿರ, ಇಲ್ಲಿ ಏನು ತಯಾರಾಗುತ್ತಿತ್ತು ಅಂತ ಹೇಳುವ ಹಲಗೆ ಹುಡುಕಿದರೆ ಸಿಗಬೇಕು.

ಕಲಾಮಾಯಾ ಮೊದಲು ಮೀನುಗಾರರ ಕೇರಿ, ಹೆಸರಿನಲ್ಲೇ ಮೀನು ಇದೆ. ಎರಡಂತಸ್ತಿನ ಮರದ ಮನೆಗಳು, ನಡುವೆ ಬೆಂಕಿಗೆ ಹೆದರಿ ಕಟ್ಟಿದ ಕಲ್ಲಿನ ಮೆಟ್ಟಿಲುಗೂಡು. ಅವುಗಳ ಮಧ್ಯೆ ನಡೆದು ಕಡಲ ದಂಡೆಗೆ ಹೋದರೆ ಲೆನ್ನುಸದಂ, ಕಡಲವಿಮಾನಗಳಿಗಾಗಿ 1916–17ರಲ್ಲಿ ಕಟ್ಟಿದ ಕಾಂಕ್ರೀಟ್ ಗುಮ್ಮಟಗಳ ಶೆಡ್ಡು. 2012ರಿಂದ ಅದು ಮ್ಯೂಸಿಯಂ. ಒಳಗೆ ಲೆಂಬಿತ್ ಎಂಬ 1936ರ ಜಲಾಂತರ್ಗಾಮಿ ನಿಂತಿದೆ. ಮೊಣಕಾಲು ಮರೆತು ಅಪ್ಪ ಅದರೊಳಗೆ ಇಳಿದೇಬಿಟ್ಟರು. ಹೊರಗೆ ಬರಲು ಮುಕ್ಕಾಲು ಗಂಟೆ.

ಊಟದ ಚಿಂತೆ ನನ್ನ ಹೆಂಡತಿ ತೀರಿಸಿದಳು. ಸೂಪರ್‌ಮಾರ್ಕೆಟ್‌ನಲ್ಲಿ ಕಾಮಾ ಅಂತ ಒಂದು ಹಿಟ್ಟು ಸಿಗುತ್ತದೆ. ಬಾರ್ಲಿ, ರೈ, ಓಟ್ಸ್, ಬಟಾಣಿ ಹುರಿದು ಬೀಸಿದ್ದು. ಅವರು ಹುಳಿಹಾಲಿಗೆ ಕಲಸಿ ಕುಡಿಯುತ್ತಾರೆ. ತುಮಕೂರಿನವಳು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, “ಮಾವ, ಇದು ನಮ್ಮ ಹುರಿಹಿಟ್ಟಿನ ತಂಗಿ ಕಣ್ರೀ” ಅಂದಳು. ಮೂರು ದಿನವೂ ಬೆಳಿಗ್ಗೆ ಅದೇ, ಜೊತೆಗೆ ಕಪ್ಪು ರೈ ಬ್ರೆಡ್ಡು. ಭಾಷೆಯಲ್ಲೂ ಹೀಗೊಂದು ನಂಟು ಕಂಡೆ. ತಾಲಿನ್ನಸ್ ಅಂದರೆ ತಾಲಿನ್‌ನಲ್ಲಿ, ತಾಲಿನ್ನಸ್ಟ್ ಅಂದರೆ ತಾಲಿನ್‌ನಿಂದ. ಪದದ ಬಾಲಕ್ಕೆ ವಿಭಕ್ತಿ ಅಂಟಿಸುವುದು ನಮ್ಮಂತೆಯೇ. ಅವರಿಗೆ ಮಾತ್ರ ಹದಿನಾಲ್ಕು ವಿಭಕ್ತಿ, ನಾನು ಏಳಕ್ಕೇ ಏಟು ತಿಂದವನು.

ಕೊನೆಯ ದಿನ ಸ್ಟೇಷನ್ ಪಕ್ಕದ ಬಾಲ್ಟಿ ಯಾಮ ಮಾರ್ಕೆಟ್. ಹಳೇ ಸುಣ್ಣಕಲ್ಲಿನ ಗೋದಾಮುಗಳನ್ನು ಉಳಿಸಿಕೊಂಡು 2017ರಲ್ಲಿ ಹೊಸದಾಗಿ ತೆರೆದದ್ದು. ಕೆಳಗೆ ಮೀನು, ಉಪ್ಪಿನ ಸೌತೆಕಾಯಿ, ಹಣ್ಣು. ಮೇಲೆ ಹಳೇ ಸಾಮಾನು. ಸೋವಿಯತ್ ಬ್ಯಾಡ್ಜು, ಕ್ಯಾಮೆರಾಗಳ ರಾಶಿಯ ನಡುವೆ ಅಪ್ಪನ ಕೈ ನೇರ ಒಂದು ವರ್ನಿಯರ್ ಕ್ಯಾಲಿಪರ್ ಮೇಲೆ ಹೋಯಿತು, ಫಿಟ್ಟರುಗಳು ದಪ್ಪ ಅಳೆಯುವ ಸಾಧನ. ದವಡೆ ಎರಡೂ ಮುಚ್ಚಿ ಕಿಟಕಿಯ ಬೆಳಕಿಗೆ ಹಿಡಿದರು, ನಡುವೆ ಬೆಳಕು ತೂರುತ್ತದೋ ಅಂತ. ಸೊನ್ನೆ ಗೆರೆಗೆ ಸೊನ್ನೆ ಕೂಡಿದೆಯೋ ಅಂತ ಕನ್ನಡಕ ಹಣೆಗೇರಿಸಿ ನೋಡಿದರು. ಹೆಬ್ಬೆರಳಲ್ಲಿ ಜಾರಿಸಿದರು. ಅಂಗಡಿಯ ಮುದುಕನಿಗೆ ಇಂಗ್ಲಿಷ್ ಬಾರದು, ಅಪ್ಪನಿಗೂ ಅಷ್ಟಕ್ಕಷ್ಟೆ. ಅವನು ಹತ್ತು ಬೆರಳು ತೋರಿಸಿದ, ಅಪ್ಪ ಆರು. ಏಳಕ್ಕೆ ಇತ್ಯರ್ಥ.

ವಾಪಸ್ ಹಡಗಿನಲ್ಲಿ ಊರಿನ ಶಿಖರಗಳು ಸಣ್ಣದಾಗುವುದನ್ನು ನೋಡಲು ಬನ್ನಿ ಅಂತ ಕರೆದೆ. ಅಪ್ಪ ಟೇಬಲ್ಲಿನ ಮೇಲೆ ಬಿಸ್ಕತ್ತು ಇಟ್ಟುಕೊಂಡು ದಪ್ಪ ಅಳೆಯುತ್ತಿದ್ದರು. “ಏಳು ಪಾಯಿಂಟ್ ನಾಕು” ಅಂದು ನನ್ನ ಕಪ್ಪಿನ ಹಿಡಿಗೆ ಕೈ ಚಾಚಿದರು.